ದನದ ಸಂತೆಯ ಕಂಬಗಳು



ಮಸಿ, ನೀರು, ಒಂದು ಕುಂಚ, ಒಂದು ಗರಿಲೇಖನಿ. ಇಷ್ಟನ್ನೇ ಚೀಲದಲ್ಲಿ ಹಾಕಿಕೊಂಡು ಆಲ್ಪ್ಸ್ ಪರ್ವತ ದಾಟಿ ರೋಮಿಗೆ ಬಂದು, ಅಲ್ಲಿನ ಪಾಳು ಕಟ್ಟಡಗಳ ಮುಂದೆ ಕೂತು ಚಿತ್ರ ಬರೆದ ಪರದೇಶಿ ಕಲಾವಿದರ ಬಗ್ಗೆ ಇವತ್ತು ಮಾತಾಡುತ್ತೇನೆ. ಸುಮಾರು 250 ವರ್ಷಗಳ ಕಾಲ, ಪೀಳಿಗೆಯ ಮೇಲೆ ಪೀಳಿಗೆ, ಹೀಗೆ ಬಂದರು. ಅವರು ಬರೆದ ಹಾಳೆಗಳು ಇಂದು ಬರ್ಲಿನ್, ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂನ ಸಂಗ್ರಹಾಲಯಗಳಲ್ಲಿ ಬೆಳಕು ತಾಗದಂತೆ ಪೆಟ್ಟಿಗೆಗಳಲ್ಲಿವೆ.

ಈ ಚಿತ್ರಗಳನ್ನು ಸಾಮಾನ್ಯವಾಗಿ ಕಂಬಗಳಿಗಾಗಿ, ಕಮಾನುಗಳಿಗಾಗಿ ನೋಡುತ್ತಾರೆ. ನಾನು ನೋಡುವುದು ಕಂಬದ ಬುಡದಲ್ಲಿ ಮಲಗಿರುವ ಎತ್ತನ್ನು, ಕಮಾನಿಗೆ ಒರಗಿಸಿಟ್ಟ ಏಣಿಯನ್ನು, ಗೋಡೆಗೆ ಅಂಟಿಸಿ ಕಟ್ಟಿದ ಬಡವನ ಮನೆಯನ್ನು. ಕಂಬಗಳಲ್ಲಿ ಹೆಚ್ಚಿನವು ಇನ್ನೂ ನಿಂತಿವೆ, ಟಿಕೆಟ್ ಕೊಂಡರೆ ಯಾರು ಬೇಕಾದರೂ ನೋಡಬಹುದು. ಅವುಗಳ ನಡುವೆ ಸಾವಿರ ವರ್ಷ ನಡೆದ ಬದುಕು ಮಾತ್ರ ಈಗ ಆ ಜಾಗದಲ್ಲಿಲ್ಲ. ಅದು ಕಣ್ಣಿಗೆ ಸಿಗುವುದು ಬಹುಮಟ್ಟಿಗೆ ಈ ಕಂದು ಮಸಿಯ ಹಾಳೆಗಳಲ್ಲಿ.

ಜಾಗದ ಪರಿಚಯ ಮೊದಲು ಆಗಲಿ. ರೋಮಿನ ಫೋರಂ ಎಂದರೆ ಪುರಾತನ ಸಾಮ್ರಾಜ್ಯದ ಹೃದಯ. ದೇಗುಲ, ನ್ಯಾಯಸ್ಥಾನ, ವಿಜಯದ ಕಮಾನು ಎಲ್ಲ ಅಲ್ಲಿದ್ದವು. ಸಾಮ್ರಾಜ್ಯ ಕುಸಿದ ಮೇಲೆ ಮಳೆ ಹೊತ್ತು ತಂದ ಮಣ್ಣು, ಬಿದ್ದ ಕಟ್ಟಡಗಳ ಇಟ್ಟಿಗೆಪುಡಿ, ಊರಿನ ಕಸ ಎಲ್ಲ ಸೇರಿ ಆ ತಗ್ಗು ತುಂಬಿತು. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನ ಕಮಾನು ಅರ್ಧದ ಹತ್ತಿರ ಹೂತುಹೋಯಿತು. ಅಮೃತಶಿಲೆಯನ್ನು ಅಲ್ಲೇ ಗೂಡು ಹಾಕಿ ಸುಟ್ಟು ಸುಣ್ಣ ಮಾಡಿದರು. ಮೇಲೆದ್ದ ನೆಲದಲ್ಲಿ ಹುಲ್ಲು ಬೆಳೆಯಿತು, ದನದ ಸಂತೆ ಕೂಡಿತು. ಊರಿನವರು ಆ ಜಾಗವನ್ನು ‘ಕಾಂಪೋ ವಾಚ್ಚಿನೋ’, ಅಂದರೆ ದನದ ಬಯಲು, ಎಂದೇ ಕರೆದರು. ದನಗಳಿಗೆ ನೀರು ಕುಡಿಸಲು ಪುರಾತನ ಕಾಲದ ಗ್ರಾನೈಟ್ ಬಾನಿಯೊಂದನ್ನು ಇಟ್ಟಿದ್ದರು. 1818ರಲ್ಲಿ ಅದನ್ನು ಅಲ್ಲಿಂದ ಎತ್ತಿಸಿ ಕ್ವಿರಿನಾಲೆ ಅರಮನೆಯ ಮುಂದಿನ ಕಾರಂಜಿಗೆ ಕೂರಿಸಿದರು. ಇವತ್ತು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಅದು ದನ ನೀರು ಕುಡಿದ ಬಾನಿ ಎಂದು ಗೊತ್ತು?

ಈ ಬಯಲಿಗೆ 1532ರಲ್ಲಿ ಡಚ್ ನಾಡಿನ ಮಾರ್ಟೆನ್ ವಾನ್ ಹೇಮ್‌ಸ್ಕೆರ್ಕ್ ಬಂದ. ಆಗ ಅವನಿಗೆ ಮೂವತ್ತನಾಲ್ಕರ ಪ್ರಾಯ. ಹಾರ್ಲೆಮ್ ಊರಿನಲ್ಲಿ ಹೆಸರು ಮಾಡಿದ್ದ, ಹೊರಡುವ ಮುಂಚೆ ಅಲ್ಲಿನ ಚಿತ್ರಗಾರರ ಸಂಘಕ್ಕೆ ದೊಡ್ಡದೊಂದು ವರ್ಣಚಿತ್ರ ಬರೆದು ಕೊಟ್ಟಿದ್ದ. ಅಂದರೆ ಅವನು ಕಲಿಯುವ ಹುಡುಗನಾಗಿ ಬಂದವನಲ್ಲ, ಕಲಿತದ್ದನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಲು ಬಂದವನು. ಐದು ವರ್ಷದ ಹಿಂದೆ, 1527ರಲ್ಲಿ, ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು ರೋಮನ್ನು ಸೂರೆ ಹೊಡೆದಿದ್ದರು. ಆ ಗಾಯ ಊರಿನ ಮೈಮೇಲೆ ಇನ್ನೂ ಹಸಿಯಾಗಿತ್ತು. ಹೇಮ್‌ಸ್ಕೆರ್ಕ್ ಅಲ್ಲಿ ನಾಲ್ಕೈದು ವರ್ಷ ಉಳಿದ.

ಅವನ ಹಾಳೆಗಳು ಈಗ ಬರ್ಲಿನ್‌ನಲ್ಲಿ ಎರಡು ಸಂಪುಟಗಳಾಗಿವೆ. ಎರಡನೆಯದರಲ್ಲಿ ಬೇರೆಯವರ ಚಿತ್ರಗಳೂ ಸೇರಿಕೊಂಡಿವೆ, ಎಲ್ಲವೂ ಅವನದೇ ಎಂದು ನಂಬಬಾರದು. ಅವನ ಚಿಕ್ಕ ಪುಸ್ತಕದ ಹಾಳೆ ಸುಮಾರು 13 ಸೆಂಟಿಮೀಟರ್ ಎತ್ತರ, 21 ಸೆಂಟಿಮೀಟರ್ ಅಗಲ. ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬರೆಯುವ ಅಳತೆ ಅದು. ಹೆಚ್ಚಿನವು ಗರಿಲೇಖನಿಯ ಸಣ್ಣ ಗೆರೆಗಳು. ಅಲ್ಲಲ್ಲಿ ಮಾತ್ರ ನೀರು ಬೆರೆಸಿದ ಮಸಿಯನ್ನು ಕುಂಚದಿಂದ ಎಳೆದು ನೆರಳು ತುಂಬಿದ್ದಾನೆ.

ಹೇಮ್‌ಸ್ಕೆರ್ಕ್‌ನಲ್ಲಿ ನನಗೆ ಬಹಳ ಹಿಡಿಸುವ ಗುಣ ಒಂದಿದೆ. ಅವನು ಹಳೆಯದು, ಹೊಸದು ಎಂದು ಪಂಕ್ತಿಭೇದ ಮಾಡುವುದಿಲ್ಲ. ಸೇಂಟ್ ಪೀಟರ್ ಚರ್ಚನ್ನು ಅವನು ಬರೆದ ಹಾಳೆಗಳನ್ನು ನೋಡಿ. ಆಗ ನಾಲ್ಕನೆಯ ಶತಮಾನದ ಹಳೆಯ ಚರ್ಚನ್ನು ಒಂದು ಕಡೆಯಿಂದ ಕೆಡವುತ್ತಿದ್ದರು, ಇನ್ನೊಂದು ಕಡೆಯಿಂದ ಬ್ರಮಾಂಟೆ ಶುರು ಮಾಡಿದ್ದ ಹೊಸ ಚರ್ಚಿನ ಭಾರಿ ಕಂಬಗಳು, ಕಮಾನುಗಳು ಎದ್ದು ಅರ್ಧಕ್ಕೆ ನಿಂತಿದ್ದವು. ಹಣವಿಲ್ಲದೆ ಕೆಲಸ ಕುಂಟುತ್ತಿತ್ತು. ಅವನ ಚಿತ್ರದಲ್ಲಿ ಕಟ್ಟುತ್ತಿರುವ ಚರ್ಚು ಮತ್ತು ಬೀಳುತ್ತಿರುವ ಚರ್ಚು ಪಕ್ಕಪಕ್ಕದಲ್ಲಿವೆ. ಇತಿಹಾಸ ಗೊತ್ತಿಲ್ಲದವರಿಗೆ ಯಾವುದು ಪಾಳು, ಯಾವುದು ಹೊಸತು ಎಂದು ಹೇಳಲಾಗದು. ಕ್ರೈಸ್ತ ಜಗತ್ತಿನ ಅತಿ ದೊಡ್ಡ ದೇವಾಲಯ ಹುಟ್ಟುತ್ತಿದ್ದ ಹೊತ್ತು ಹೇಗೆ ಕಾಣುತ್ತಿತ್ತು ಎಂಬುದಕ್ಕೆ ನಮಗಿರುವ ಮುಖ್ಯ ಸಾಕ್ಷಿಗಳಲ್ಲಿ ಇವೂ ಸೇರಿವೆ.

ಇನ್ನೊಂದು ಹಾಳೆಯಲ್ಲಿ ಯಾಕೋಪೋ ಗಾಲ್ಲಿ ಎಂಬ ಶ್ರೀಮಂತನ ಹಿತ್ತಿಲಿದೆ. ಕೈಕಾಲು ಮುರಿದ ಪುರಾತನ ಶಿಲ್ಪಗಳ ನಡುವೆ ಮದಿರೆಯ ದೇವರು ಬಾಕಸ್ ನಿಂತಿದ್ದಾನೆ. ಅವನ ಬಲಗೈಯೂ ಮುರಿದಿದೆ. ಆ ಬಾಕಸ್ ಪುರಾತನವಲ್ಲ, ಮೈಕೆಲೇಂಜೆಲೋ ಕೆತ್ತಿದ್ದು. ಕೆತ್ತಿ ನಾಲ್ಕು ದಶಕವೂ ಆಗಿರಲಿಲ್ಲ, ಮೈಕೆಲೇಂಜೆಲೋ ಇನ್ನೂ ಬದುಕಿದ್ದ. ಹೇಮ್‌ಸ್ಕೆರ್ಕ್ ಆ ಶಿಲ್ಪವನ್ನು ನಡುವೆ ತಂದು ಮೆರೆಸಲಿಲ್ಲ, ಉಳಿದ ಮುರುಕುಗಳಿಂದ ದೂರವೂ ಇಡಲಿಲ್ಲ. ಹಿತ್ತಿಲಿನಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ಬರೆದ. ನಾನು ಅವನನ್ನು ನಂಬುವುದು ಈ ಕಾರಣಕ್ಕೆ.

ನಂಬಲೇಬೇಕಾದ ಪ್ರಸಂಗಗಳೂ ಇವೆ. ಪಾಲಟೈನ್ ಗುಡ್ಡದ ಮೂಲೆಯಲ್ಲಿ ಸೆಪ್ಟಿಜೋಡಿಯಂ ಎಂಬ ಅಲಂಕಾರದ ಗೋಡೆಕಟ್ಟಡ ಇತ್ತು. ಸೆವೆರಸ್ 203ರಲ್ಲಿ ಕಟ್ಟಿಸಿದ್ದು, ಅಂತಸ್ತಿನ ಮೇಲೆ ಅಂತಸ್ತು ಕಂಬಸಾಲು. ಹದಿನಾರನೆಯ ಶತಮಾನದ ಹೊತ್ತಿಗೆ ಅದರ ಒಂದು ಮೂಲೆ ಮಾತ್ರ ಮೂರು ಅಂತಸ್ತಿನ ಎತ್ತರಕ್ಕೆ ಉಳಿದಿತ್ತು. 1588-89ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ತನ್ನ ವಾಸ್ತುಶಿಲ್ಪಿ ಡೊಮೆನಿಕೋ ಫೊಂಟಾನಾಗೆ ಹೇಳಿ ಅದನ್ನೂ ಬಿಚ್ಚಿಸಿ, ಕಲ್ಲುಗಳನ್ನು ತನ್ನ ಬೇರೆ ಬೇರೆ ಕಟ್ಟಡ ಕೆಲಸಗಳಿಗೆ ಸಾಗಿಸಿದ. ಈಗ ಅಲ್ಲಿ ಬರಿಯ ಬಯಲು. ಆ ಮೂಲೆ ಹೇಗಿತ್ತು ಎಂದು ಕೇಳಿದರೆ ಉತ್ತರ ಹೇಳುವವರು ಹೇಮ್‌ಸ್ಕೆರ್ಕ್ ಮತ್ತು ಅವನಂಥ ಕೆಲವರು.

1536ರ ಏಪ್ರಿಲ್‌ನಲ್ಲಿ ಅದೇ ಐದನೆಯ ಚಾರ್ಲ್ಸ್ ವಿಜಯಿಯಾಗಿ ರೋಮಿಗೆ ಮೆರವಣಿಗೆಯಲ್ಲಿ ಬಂದ. ಪುರಾತನ ಚಕ್ರವರ್ತಿಗಳು ನಡೆದ ದಾರಿಯಲ್ಲೇ ಅವನನ್ನು ನಡೆಸಬೇಕೆಂದು ಪೋಪ್ ಮೂರನೆಯ ಪಾಲ್ ಫೋರಂನ ಕಮಾನುಗಳ ನಡುವೆ ಇದ್ದ ಮನೆಗಳನ್ನು ಕೆಡವಿಸಿದ. ಆಗ ರೋಮಿನಲ್ಲಿದ್ದ ಫ್ರೆಂಚ್ ಲೇಖಕ ರಾಬ್ಲೇ, ಇನ್ನೂರಕ್ಕೂ ಹೆಚ್ಚು ಮನೆಗಳು ಹಾಗೂ ಮೂರು-ನಾಲ್ಕು ಚರ್ಚುಗಳು ನೆಲಸಮವಾದವು ಎಂದು ಪತ್ರದಲ್ಲಿ ತಿಳಿಸಿದ್ದಾನೆ. ಆ ಮೆರವಣಿಗೆಯ ಅಲಂಕಾರದ ಕೆಲಸ ಮಾಡಿದವರಲ್ಲಿ ಹೇಮ್‌ಸ್ಕೆರ್ಕ್ ಕೂಡ ಇದ್ದ ಎಂದು ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ದಾಖಲಿಸಿದ್ದಾನೆ. ಊರಿನ ಆ ಹಳೆಯ ಮುಖವನ್ನು ಚಿತ್ರದಲ್ಲಿ ಹಿಡಿದ ಕೈಯೇ ಅದನ್ನು ಅಳಿಸಿದ ಉತ್ಸವಕ್ಕೂ ಬಣ್ಣ ಬಳಿಯಿತು. ಇದಕ್ಕಾಗಿ ಅವನನ್ನು ದೂರುವ ಮನಸ್ಸು ನನಗಿಲ್ಲ, ಹೊಟ್ಟೆಪಾಡಿನ ಕೆಲಸ. ಆದರೆ ಅವನ ಚಿತ್ರಗಳ ಬೆಲೆ ಎಲ್ಲಿದೆ ಎಂದು ನನಗೆ ತಿಳಿದದ್ದು ಈ ಸಂಗತಿಯಿಂದ.

ಊರಿಗೆ ಮರಳಿದ ಮೇಲೆ, 1553ರಲ್ಲಿ, ಐವತ್ತೈದರ ಹೇಮ್‌ಸ್ಕೆರ್ಕ್ ತನ್ನದೇ ಭಾವಚಿತ್ರ ಬರೆದ. ಅದು ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಸಂಗ್ರಹಾಲಯದಲ್ಲಿದೆ. ಮುಂದೆ ಗಡ್ಡ ಬಿಟ್ಟ ಹಿರಿಯ, ಹಿಂದೆ ಕೊಲೋಸಿಯಂ, ಆ ಕೊಲೋಸಿಯಂ ಮುಂದೆ ಕೂತು ಚಿತ್ರ ಬರೆಯುತ್ತಿರುವ ಪುಟ್ಟ ಆಕೃತಿ. ಅವನ ರೋಮಿನ ಹಾಳೆಗಳಲ್ಲಿ ಕೆಲವು ಕೈಬದಲಾಗಿ ಚಿತ್ರಗಾರ ಪೀಟರ್ ಸೇನ್ರೆಡಂನ ಬಳಿಗೆ ಬಂದವು. ಸೇನ್ರೆಡಂ ರೋಮನ್ನು ಕಂಡವನಲ್ಲ. ಆದರೂ ಒಂದು ಹಾಳೆಯನ್ನು ಮುಂದಿಟ್ಟುಕೊಂಡು 1629ರಲ್ಲಿ ಸೇಂಟ್ ಪೀಟರ್ ಬಳಿಯ ಗುಂಡಗಿನ ಚರ್ಚು ಮತ್ತು ಅದರ ಪಕ್ಕದ ಈಜಿಪ್ಟಿನ ಒಬೆಲಿಸ್ಕ್ ಕಂಬವನ್ನು ವರ್ಣದಲ್ಲಿ ಬರೆದ. ಆ ಒಬೆಲಿಸ್ಕನ್ನು 1586ರಲ್ಲೇ ಅಲ್ಲಿಂದ ಕಿತ್ತು ಸೇಂಟ್ ಪೀಟರ್ ಮುಂದಿನ ಚೌಕಕ್ಕೆ ಸಾಗಿಸಿಯಾಗಿತ್ತು.

ಈಗ ಮಸಿಯ ವಿಷಯಕ್ಕೆ ಬರುತ್ತೇನೆ, ಚಿತ್ರಕಲೆಯ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಆ ಕಾಲದ ಯುರೋಪಿನಲ್ಲಿ ಮುಖ್ಯವಾಗಿ ಮೂರು ಬಗೆಯ ಮಸಿ ಬಳಕೆಯಲ್ಲಿತ್ತು. ಓಕ್ ಮರದ ಮೇಲೆ ಹುಳು ಮೊಟ್ಟೆಯಿಟ್ಟಲ್ಲಿ ಮೂಡುವ ಗಂಟುಕಾಯಿಗಳ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಮತ್ತು ಗೋಂದು ಸೇರಿಸಿದರೆ ಒಂದು ಬಗೆ. ನಮ್ಮಲ್ಲಿ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಕಪ್ಪು ತರುವುದು ಇದೇ ರಸಾಯನ. ಈ ಮಸಿ ಬರೆಯುವಾಗ ತೆಳ್ಳಗೆ ಕಾಣುತ್ತದೆ, ಗಾಳಿ ತಾಗಿ ಕಪ್ಪಾಗುತ್ತದೆ, ಶತಮಾನ ಕಳೆದಂತೆ ಕಂದಾಗುತ್ತದೆ. ಅದರ ಹುಳಿ ಕಾಗದವನ್ನು ತಿನ್ನುತ್ತದೆ, ಗಾಢ ಗೆರೆ ಎಳೆದಲ್ಲಿ ಹಾಳೆಯೇ ಸೀಳುತ್ತದೆ. ಎರಡನೆಯದು ಬಿಸ್ಟರ್, ಕಟ್ಟಿಗೆಯ ಒಲೆಯ ಚಿಮಣಿಯಲ್ಲಿ ಕಟ್ಟಿದ ಕಾಡಿಗೆಯನ್ನು ನೀರಿನಲ್ಲಿ ಕರಗಿಸಿ ಸೋಸಿ ತೆಗೆದದ್ದು. ಬೀಚ್ ಮರದ ಕಾಡಿಗೆ ಇದಕ್ಕೆ ಶ್ರೇಷ್ಠ ಎನ್ನುತ್ತಿದ್ದರು. ಅದರ ಕಂದು ಪಾರದರ್ಶಕ, ಕಾಗದದ ಬಿಳುಪು ಅದರೊಳಗಿಂದ ಹಾಯ್ದು ಬರುತ್ತದೆ. ಮೂರನೆಯದು ಎಣ್ಣೆದೀಪದ ಮಸಿಯಿಂದ ಮಾಡಿದ ಕಪ್ಪು. ಕಟಲ್ ಮೀನಿನ ಸೀಪಿಯಾ ಚಿತ್ರಕಲೆಯಲ್ಲಿ ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಗೆ. ಹಾಗಾಗಿ ಹಳೆಯ ಕಂದು ಚಿತ್ರಗಳನ್ನೆಲ್ಲ ‘ಸೀಪಿಯಾ’ ಎಂದು ಕರೆಯುವ ಅಭ್ಯಾಸ ತಪ್ಪು.

ಈ ಮಸಿಗೆ ನೀರು ಬೆರೆಸಿ ಕುಂಚದಿಂದ ಹರಡುವುದಕ್ಕೆ ಕಲಾವಿದರು ವಾಷ್ ಎನ್ನುತ್ತಾರೆ. ಸಗಣಿನೀರಿನಲ್ಲಿ ನೆಲ ಸಾರಿಸುವವರಿಗೆ ಇದರ ಗುಟ್ಟು ಗೊತ್ತು: ಒಂದು ಅಂಚು ಒಣಗುವ ಮುಂಚೆ ಪಕ್ಕದ್ದನ್ನು ತಂದು ಸೇರಿಸದಿದ್ದರೆ ಗೆರೆ ಕೂತುಬಿಡುತ್ತದೆ. ರೋಮಿನ ಬಿಸಿಲಿನಲ್ಲಿ ಆ ಅಂಚು ಒಣಗುವುದು ಬೇಗ. ತಿದ್ದಲು ಬರುವುದಿಲ್ಲ, ಹಾಕಿದ ನೆರಳನ್ನು ವಾಪಸು ತೆಗೆಯಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ಈ ವಿಧಾನದಲ್ಲಿ ಬೆಳಕಿಗೆ ಬಣ್ಣವೇ ಇಲ್ಲ. ಬೆಳಕೆಂದರೆ ಮುಟ್ಟದೆ ಬಿಟ್ಟ ಕಾಗದ. ಎಲ್ಲಿ ಕುಂಚ ಇಡಬಾರದು ಎಂಬ ತೀರ್ಮಾನ ಮೊದಲು ಆಗಬೇಕು.

ಈ ತೀರ್ಮಾನದಲ್ಲಿ ಬಾರ್ತೊಲೊಮೇಯಸ್ ಬ್ರೀನ್‌ಬರ್ಗ್‌ನನ್ನು ಮೀರಿಸಿದವರು ಕಡಿಮೆ. ಡಚ್ ನಾಡಿನ ಡೆವೆಂಟರ್‌ನವನು, 1619ರ ಹೊತ್ತಿಗೆ ರೋಮಿನಲ್ಲಿದ್ದ, ಅಲ್ಲಿ ಹತ್ತು ವರ್ಷದಷ್ಟು ಕಳೆದ. ಅಲ್ಲಿನ ಡಚ್ ಮತ್ತು ಫ್ಲೆಮಿಶ್ ಕಲಾವಿದರು ತಮ್ಮದೇ ಒಂದು ಬಳಗ ಕಟ್ಟಿಕೊಂಡಿದ್ದರು. ಹೊಸಬನಿಗೆ ಅಡ್ಡಹೆಸರಿಟ್ಟು ಕುಡಿತದ ಉತ್ಸವದೊಂದಿಗೆ ಸೇರಿಸಿಕೊಂಡು, ಕೊನೆಗೆ ಊರಾಚೆಯ ಸಾಂತಾ ಕೊಸ್ತಾಂಜಾ ಕಟ್ಟಡಕ್ಕೆ ನಡೆದುಹೋಗುತ್ತಿದ್ದರು. ಅಲ್ಲಿ ಗೋಡೆಯ ಮೇಲೆ ಬರೆದಿಟ್ಟ ಹೆಸರುಗಳು ಈಗಲೂ ಇವೆ. 1720ರಲ್ಲಿ ಪೋಪರ ಆಜ್ಞೆಯಿಂದ ಆ ಬಳಗ ಮುಚ್ಚಿತು. ಬ್ರೀನ್‌ಬರ್ಗ್‌ನ ಹಾಳೆಗಳಲ್ಲಿ ಇಟ್ಟಿಗೆಯ ಕಮಾನಿನ ಒಳಗೆ ಗಾಢ ಕಂದು, ಅದರ ಆಚೆಯ ಗೋಡೆಗೆ ಏನೂ ಇಲ್ಲ, ಬರಿಯ ಕಾಗದ. ಆ ಖಾಲಿಯಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಗೋಡೆ ಬಿರುಕು ಬಿಟ್ಟಲ್ಲಿ ಬೆಳೆದ ಪೊದೆಗೆ ಕುಂಚದ ತುದಿಯ ನಾಲ್ಕು ಚುಕ್ಕೆ. ಅಷ್ಟೇ.

ಅದೇ ಕಾಲದಲ್ಲಿ ಇಂದಿನ ಫ್ರಾನ್ಸಿನ ಲೊರೇನ್ ಪ್ರಾಂತದಿಂದ ಬಂದು ರೋಮಿನಲ್ಲೇ ಬಾಳಿ 1682ರಲ್ಲಿ ಅಲ್ಲೇ ತೀರಿಕೊಂಡ ಕ್ಲೋಡ್ ಇವರೆಲ್ಲರಿಗಿಂತ ಪ್ರಸಿದ್ಧ. ಅವನ ದನದ ಬಯಲಿನ ವರ್ಣಚಿತ್ರ ಲೂವ್ರ್‌ನಲ್ಲಿದೆ, ಮಸಿಚಿತ್ರಗಳ ಪುಸ್ತಕ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆದರೆ ಅವನ ಮನಸ್ಸು ಕಲ್ಲಿಗಿಂತ ಮರದ ಕಡೆಗೆ, ಆಕಾಶದ ಕಡೆಗೆ. ಅವನಿಗಾಗಿಯೇ ಒಂದು ಉಪನ್ಯಾಸ ಬೇಕು.

ಹದಿನೆಂಟನೆಯ ಶತಮಾನಕ್ಕೆ ಬಂದರೆ ಚಿತ್ರಗಳು ಇನ್ನಷ್ಟು ಚೆಂದವಾದವು, ಆದರೆ ಏನೋ ಕಳೆಯಿತು ಎಂದು ನನಗೆ ಅನಿಸುತ್ತದೆ. 1754ರಿಂದ 1765ರವರೆಗೆ ಇಟಲಿಯಲ್ಲಿದ್ದ ಫ್ರೆಂಚ್ ಚಿತ್ರಗಾರ ಉಬೇರ್ ರೊಬೇರ್ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ ಅಗಸಗಿತ್ತಿಯರನ್ನು ಮತ್ತೆ ಮತ್ತೆ ಬರೆದ. ಅವರು ನಿಜವಾಗಿ ಅಲ್ಲಿದ್ದರು, ನಿಜ. ಆದರೆ ಹತ್ತನೆಯ ಚಿತ್ರದಲ್ಲೂ ಅದೇ ಹೆಂಗಸು ಅದೇ ಭಂಗಿಯಲ್ಲಿ ಬಾಗಿದಾಗ ಅವಳು ಒಬ್ಬ ವ್ಯಕ್ತಿಯಾಗಿ ಉಳಿಯದೆ ಅಲಂಕಾರವಾಗುತ್ತಾಳೆ. ಕುರುಬ ಕಟ್ಟಡದ ಎತ್ತರ ತೋರಿಸುವ ಅಳತೆಗೋಲಾಗುತ್ತಾನೆ. ಕೊಳ್ಳುವವರು ಹೆಚ್ಚಿದ್ದರು. ಇಂಗ್ಲೆಂಡಿನ, ಜರ್ಮನಿಯ ಸಿರಿವಂತರ ಮಕ್ಕಳಿಗೆ ಇಟಲಿಯ ಪ್ರವಾಸ ಮುಗಿಸಿ ಹೋಗುವಾಗ ನೆನಪಿಗೆ ಚಿತ್ರ ಬೇಕಿತ್ತು. ಕೆಲವರು ಚಿತ್ರಗಾರನನ್ನೇ ಜೊತೆಗೆ ಕರೆದೊಯ್ದರು. 1777ರಲ್ಲಿ ರಿಚರ್ಡ್ ಪೇನ್ ನೈಟ್ ಸಿಸಿಲಿಗೆ ಹೋದಾಗ ಯಾಕೋಬ್ ಫಿಲಿಪ್ ಹಾಕರ್ಟ್ ಜೊತೆಗಿದ್ದ. 1787ರಲ್ಲಿ ಜರ್ಮನ್ ಕವಿ ಗಯಟೆ ಕ್ನೀಪ್ ಎಂಬ ಕಲಾವಿದನನ್ನು ಕರೆದುಕೊಂಡು ಹೋದ. ಪ್ರಯಾಣದ ಖರ್ಚು ಗಯಟೆಯದು, ಚಿತ್ರ ಬರೆಯುವ ಕೆಲಸ ಕ್ನೀಪನದು.

ಈ ಶತಮಾನದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಹಾಳೆಗಳು, ಪರದೇಶಿಯಲ್ಲದೆ ಇಟಲಿಯವನೇ ಆದ ಪಿರಾನೇಸಿಯ ಪೇಸ್ಟಂ ಚಿತ್ರಗಳು. ಪೇಸ್ಟಂ ನೇಪಲ್ಸಿನ ದಕ್ಷಿಣಕ್ಕೆ ಗ್ರೀಕರು ಕಟ್ಟಿದ ಊರು. ಮಲೇರಿಯಾಕ್ಕೆ ಹೆದರಿ ಜನ ಬಿಟ್ಟುಹೋಗಿದ್ದ ಜೌಗಿನಲ್ಲಿ ಮೂರು ದೊಡ್ಡ ಡೋರಿಕ್ ದೇಗುಲಗಳು ನಿಂತಿದ್ದವು. 1777ರಲ್ಲಿ, ಆರೋಗ್ಯ ಕೆಟ್ಟಿದ್ದರೂ, ಪಿರಾನೇಸಿ ಅಲ್ಲಿಗೆ ಹೋದ. ಮರುವರ್ಷ ತೀರಿಕೊಂಡ. ಆ ಚಿತ್ರಗಳಲ್ಲಿ 15 ಲಂಡನ್ನಿನ ಸರ್ ಜಾನ್ ಸೋನ್ ಸಂಗ್ರಹಾಲಯದಲ್ಲಿವೆ. ಕಪ್ಪು ಸೀಮೆಸುಣ್ಣದ ಮೇಲೆ ಗರಿಲೇಖನಿ, ಅದರ ಮೇಲೆ ಕಂದು, ಬೂದು ವಾಷ್. ರೋಮನ್ನು ಬರೆಯುವಾಗ ಎಲ್ಲವನ್ನೂ ಹಿಗ್ಗಿಸಿ ಭಯ ಹುಟ್ಟಿಸುತ್ತಿದ್ದ ಪಿರಾನೇಸಿ ಇಲ್ಲಿ ಹಿಗ್ಗಿಸುವುದಿಲ್ಲ. ದೇಗುಲದ ಒಳಗೆ ನಿಂತು, ಹತ್ತಿರದ ಕಂಬ ಕಣ್ಣಿಗೆ ಅಡ್ಡ ಬರುವಂತೆಯೇ ಬಿಟ್ಟು ಬರೆಯುತ್ತಾನೆ. ಕಂಬಗಳ ನಡುವೆ ದನ ಮಲಗಿವೆ, ಕಾಯುವವನು ಒರಗಿದ್ದಾನೆ. ಅದಕ್ಕೂ ಸುಮಾರು ಇನ್ನೂರೈವತ್ತು ವರ್ಷ ಮುಂಚೆ ಹೇಮ್‌ಸ್ಕೆರ್ಕ್‌ನ ಹಾಳೆಯಲ್ಲಿದ್ದ ನೇರ ನೋಟ ಮತ್ತೆ ಇಲ್ಲಿ ಸಿಗುತ್ತದೆ.

ಆಮೇಲೆ ರೋಮಿನಲ್ಲಿ ಅಗೆತ ಶುರುವಾಯಿತು. 1803ರಲ್ಲಿ ಪುರಾತತ್ವಜ್ಞ ಕಾರ್ಲೋ ಫೇಯಾ ಸೆವೆರಸನ ಕಮಾನಿನ ಬುಡ ಬಿಡಿಸಿದ. 1809ರಿಂದ 1814ರವರೆಗಿನ ಫ್ರೆಂಚ್ ಆಡಳಿತ ಟ್ರಾಜನ್ ಕಂಬದ ಸುತ್ತಲಿನ ಕಟ್ಟಡಗಳನ್ನು ಕೆಡವಿತು. 1900ರಲ್ಲಿ ಕೆಳಗಿರುವ ಪುರಾತನ ಚರ್ಚಿಗಾಗಿ ಮೇಲಿದ್ದ ಸಾಂತಾ ಮರಿಯಾ ಲಿಬರಾತ್ರಿಚೆ ಚರ್ಚನ್ನು ತೆಗೆದರು. 1932ರಲ್ಲಿ ಮುಸೊಲಿನಿಯ ಮೆರವಣಿಗೆ ರಸ್ತೆ ಉದ್ಘಾಟನೆಯಾಗುವ ಹೊತ್ತಿಗೆ ಒಂದು ಇಡೀ ಬಡಾವಣೆ ಅಳಿದಿತ್ತು. ಅಗೆತದಿಂದ ತಿಳಿದುಬಂದದ್ದು ಅಪಾರ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಫೋರಂನಲ್ಲಿ ಆಂಟೊನೈನಸ್ ಮತ್ತು ಫೌಸ್ಟೀನಾ ದೇಗುಲದ ಕಂಬಗಳ ಹಿಂದೆ ಇರುವ ಚರ್ಚಿನ ಬಾಗಿಲನ್ನು ಗಮನಿಸಿ. ಇವತ್ತು ಅದು ನೆಲದಿಂದ ಹಲವು ಮೀಟರ್ ಮೇಲೆ ಗಾಳಿಯಲ್ಲಿ ತೆರೆದುಕೊಳ್ಳುತ್ತದೆ. ಆ ಬಾಗಿಲು ಕಟ್ಟಿದಾಗ ನೆಲ ಅಲ್ಲೇ ಇತ್ತು. ದನದ ಸಂತೆಯಿಂದ ನೇರ ಒಳಗೆ ನಡೆದು ಹೋಗುತ್ತಿದ್ದರು. ಆ ನೆಲವನ್ನು ಅಗೆದು ಸಾಗಿಸಿಯಾಗಿದೆ. ಅದರ ಮೇಲೆ ನಡೆದವರನ್ನು ನೋಡಬೇಕಾದರೆ ಮಸಿಯ ಹಾಳೆಗಳಿಗೇ ಹೋಗಬೇಕು.

ನಮ್ಮ ನಾಡಿಗೆ ಈ ಕಲೆ ಬಂದದ್ದು ಬಹುಮಟ್ಟಿಗೆ ಸೈನ್ಯದ ದಾರಿಯಿಂದ. ಬ್ರಿಟಿಷರ ಎಂಜಿನಿಯರುಗಳಿಗೆ, ಸರ್ವೆಯವರಿಗೆ ಮಸಿಗೆರೆ ಮತ್ತು ವಾಷ್ ನಿತ್ಯದ ಕೆಲಸದ ಭಾಗ. ಶ್ರೀರಂಗಪಟ್ಟಣ ಬಿದ್ದ ವರ್ಷವೇ, 1799ರ ಕೊನೆಗೆ, ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ತೆಗೆದ. ಅವನ ಸಂಗ್ರಹದ ಎಷ್ಟೋ ಚಿತ್ರಗಳನ್ನು ಬರೆದವರು ನಮ್ಮವರೇ ಆದ ಚಿತ್ರಗಾರರು, ಬಹಳ ಹಾಳೆಗಳ ಮೇಲೆ ಅವರ ಹೆಸರಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಫೋಟೋಗಳಲ್ಲಿ ವಿಠ್ಠಲನ ಕಲ್ಲಿನ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ದಿನವೂ ನೋಡುವ ರಥ ಶಿಖರ ಕಳೆದುಕೊಂಡ ರಥ.

2011ರಲ್ಲಿ ಅದೇ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿಸಿದರು. ಸ್ಮಾರಕ ಉಳಿಸುವವರ ವಾದವೂ, ಅಲ್ಲಿ ಬಾಳಿದವರ ವಾದವೂ ನಿಮಗೆ ಗೊತ್ತಿರುವುದೇ, ಇವತ್ತು ತೀರ್ಪು ಹೇಳಲು ನಾನು ನಿಂತಿಲ್ಲ. ಚಿತ್ರಕಲೆಯ ಕಡೆಯಿಂದ ನನ್ನ ಪ್ರಶ್ನೆ ಒಂದೇ: ಮಂಟಪದ ಎರಡು ಕಂಬಗಳ ನಡುವೆ ತಗಡು ಹೊದಿಸಿ, ಒಲೆ ಹೂಡಿ, ಬಾಗಿಲಿಗೆ ತೋರಣ ಕಟ್ಟಿದ್ದ ಆ ಬೀದಿಯನ್ನು ಹೇಮ್‌ಸ್ಕೆರ್ಕ್‌ನ ಹಾಗೆ ಪಂಕ್ತಿಭೇದವಿಲ್ಲದೆ ಕೂತು ಬರೆದವರು ಎಷ್ಟು ಜನ? ನಮ್ಮ ಹಂಪಿಯ ಜಲವರ್ಣಗಳು ಸಾಮಾನ್ಯವಾಗಿ ರಥವನ್ನು, ಕಮಲ ಮಹಲನ್ನು, ಆನೆಲಾಯವನ್ನು ತೋರಿಸುತ್ತವೆ. ಎದುರಿಗೆ ಎಳನೀರು ಮಾರುವವನಿದ್ದರೂ ಕುಂಚ ಅವನನ್ನು ಸುತ್ತಿಹಾಯ್ದು ಹೋಗುತ್ತದೆ.

ಆದ್ದರಿಂದ ಈ ದತ್ತಿ ಉಪನ್ಯಾಸವನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಪ್ರತಿ ವರ್ಷ ಉಪನ್ಯಾಸದ ಜೊತೆಗೆ ನಾಲ್ಕಾರು ವಿದ್ಯಾರ್ಥಿಗಳನ್ನು ಯಾವುದಾದರೂ ಒಂದು ಹಳೆಯ ಗುಡಿಯ ಊರಿಗೆ, ಹಂಪಿಗೇ ಆಗಬೇಕೆಂದಿಲ್ಲ, ಲಕ್ಕುಂಡಿಗೋ ಬಳ್ಳಿಗಾವೆಗೋ ಆದರೂ ಸರಿ, ಒಂದು ವಾರ ಕಳಿಸಿ. ಹುಳಿಯಿಲ್ಲದ ಹತ್ತಿಯ ಕಾಗದ ಕೊಡಿ, ಕಾಗದ ತಿನ್ನದ ಕಾಡಿಗೆಯ ಮಸಿ ಕೊಡಿ. ಗುಡಿಗೆ ಅಂಟಿಕೊಂಡ ಮನೆ, ಜಗುಲಿಯ ಮೇಲೆ ಕೂತವರು, ವಿದ್ಯುತ್ ತಂತಿ, ಕಟ್ಟಿಹಾಕಿದ ಎಮ್ಮೆ, ಯಾವುದನ್ನೂ ಬಿಡದೆ ಬರೆಯಲಿ. ಹಾಳೆಯ ಹಿಂಬದಿಗೆ ಸೀಸದ ಕಡ್ಡಿಯಲ್ಲಿ ಊರು, ತಾರೀಕು, ಹೊತ್ತು, ಎಲ್ಲಿ ಕೂತು ಬರೆದದ್ದು ಎಂಬುದನ್ನು ಬರೆದು, ಕೆಳಗೆ ತಮ್ಮ ಹೆಸರನ್ನು ಕಡ್ಡಾಯವಾಗಿ ಹಾಕಲಿ. ಹಾಳೆಗಳನ್ನು ಇದೇ ಕಟ್ಟಡದ ಗ್ರಂಥಾಲಯದಲ್ಲಿ, ಬಿಸಿಲು ಬೀಳದ ಕಪಾಟಿನಲ್ಲಿ ಇಡಬಹುದು. ಮೊದಲ ವರ್ಷದ ಕಾಗದದ ಖರ್ಚು ನನ್ನದಿರಲಿ.